ಉಳಿದ ಗುಳಿಗೆಗಳ ಚೀಲ

ಸವದತ್ತಿ ತಾಲೂಕಿನ ಚಚಡಿಯ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ದೇಸಾಯಿಯವರ ವಾಡೆ ಇರುವ ಊರು ಅದು. ಸುತ್ತಲೂ ಎರೆಯ ಹೊಲ. ಅಂಥ ಊರುಗಳಿಂದ ಓದಿಗೆಂದು, ನೌಕರಿಗೆಂದು ಹೊರಟು ಬೈಲಹೊಂಗಲ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಲ್ಲಿ ಮನೆ ಮಾಡಿಕೊಂಡವರು ಬಹಳ ಮಂದಿ. ಈ ಮಾತುಗಳನ್ನು ಕೇಳುತ್ತಿರುವ ನಿಮ್ಮಲ್ಲಿಯೂ ಅಂಥವರು ಇರಲೇಬೇಕು. ನೀವು ಪಟ್ಟಣದಲ್ಲಿದ್ದೀರಿ, ತಂದೆತಾಯಿಗಳು ಊರಲ್ಲಿದ್ದಾರೆ. "ಇಲ್ಲೇ ಬಂದಿರ್ರಿ" ಎಂದು ನೀವು ಎಷ್ಟು ಸಲ ಕರೆದರೂ, "ದನಾ ಕರಾ ಬಿಟ್ಟು ಹ್ಯಾಂಗ ಬರೂದಪಾ" ಎಂಬ ಒಂದೇ ಉತ್ತರ. ಇಂದು ನಾನು ಹೇಳಬೇಕೆಂದಿರುವದು ಆ ತಂದೆತಾಯಿಗಳ ಮನೆಯಲ್ಲಿ ಇರುವ ಒಂದು ಚೀಲದ ವಿಷಯ.

ಆ ಚೀಲ ಸಾಮಾನ್ಯವಾಗಿ ಅಡಿಗೆಮನೆಯ ಗೂಟಕ್ಕೆ ತೂಗುತ್ತಿರುತ್ತದೆ, ಇಲ್ಲವೆ ದೇವರ ಜಗಲಿಯ ಪಕ್ಕದ ಗೂಡಿನಲ್ಲಿರುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಅದನ್ನು ಇಳಿಸಿ ಚಾಪೆಯ ಮೇಲೆ ಸುರುವಿ ನೋಡಿರಿ. ಮೂರು ಗುಳಿಗೆ ಉಳಿದ ಸ್ಟ್ರಿಪ್ಪುಗಳು, ಒಡೆಯದೆ ಇರುವ ಸ್ಟ್ರಿಪ್ಪುಗಳು, ತುದಿ ಕತ್ತರಿಸಿ ಹೋಗಿ ಹೆಸರೇ ಉಳಿಯದ ತುಣುಕುಗಳು, ಮುಚ್ಚಳ ಅಂಟಿಹೋದ ಕೆಮ್ಮಿನ ಬಾಟಲಿ, ಹೋದ ವರ್ಷ ಕಣ್ಣಿನ ಆಪರೇಶನ್ ಆದಾಗ ಕೊಟ್ಟ ಹನಿ. ಒಂದೊಂದನ್ನೂ ಯಾರೋ ಒಬ್ಬ ವೈದ್ಯರು ವಿಚಾರ ಮಾಡಿಯೇ ಬರೆದಿರುತ್ತಾರೆ. ಯಾರೋ ರೊಕ್ಕ ಕೊಟ್ಟು ತಂದಿರುತ್ತಾರೆ, ಇಲ್ಲವೆ ಸರಕಾರದ ಬೊಕ್ಕಸ ಅದಕ್ಕೆ ವೆಚ್ಚ ಮಾಡಿರುತ್ತದೆ. ಆದರೆ ಹೊಟ್ಟೆಗೆ ಹೋಗಬೇಕಾದದ್ದು ಚೀಲಕ್ಕೆ ಹೋಗಿದೆ. ಇದು ಹೇಗಾಗುತ್ತದೆ?

ಕೇಳುಗರು ಸಿಟ್ಟಾಗದಿದ್ದರೆ ಮೊದಲು ಅವರ ಪಾಲನ್ನೇ ಹೇಳುತ್ತೇನೆ. ನೀವು ತಂದೆಯವರನ್ನು ಒಮ್ಮೆ ಪಟ್ಟಣಕ್ಕೆ ಕರೆತಂದು ದೊಡ್ಡ ಡಾಕ್ಟರರಿಗೆ ತೋರಿಸುತ್ತೀರಿ. ಮತ್ತೆ ಮತ್ತೆ ಓಡಾಡುವದು ಬೇಡವೆಂದು ಮೂರು ತಿಂಗಳ ಗುಳಿಗೆಗಳನ್ನು ಒಮ್ಮೆಲೇ ಕೊಂಡು, ಅವರನ್ನು ಬಸ್ಸಿಗೆ ಕೂಡಿಸಿ ಕಳಿಸುತ್ತೀರಿ. ಚೀಟಿ ಮಾತ್ರ ನಿಮ್ಮ ಮನೆಯ ಕಪಾಟಿನಲ್ಲಿಯೇ ಉಳಿಯುತ್ತದೆ. ತಿಂಗಳೊಪ್ಪತ್ತಿನಲ್ಲಿ ಅವರಿಗೆ ತಲೆ ತಿರುಗುತ್ತದೆ. ಊರಿನ ದವಾಖಾನೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋಗುತ್ತಾರೆ. ಪಟ್ಟಣದ ಡಾಕ್ಟರರಿಗೆ ತೋರಿಸಿದ ಸಂಗತಿ ಹೇಳಿದರೆ ಊರಿನ ಡಾಕ್ಟರ ಸಾಹೇಬರಿಗೆ ಬೇಸರವಾದೀತೆಂದು ಸುಮ್ಮನಿರುತ್ತಾರೆ. ಅವರೂ ನೋಡಿ ತಮಗೆ ತಿಳಿದಂತೆ ಬರೆಯುತ್ತಾರೆ. ಇತ್ತ ನೀವು ಮೂರು ತಿಂಗಳಾಯಿತಲ್ಲ, ಗುಳಿಗೆ ತೀರಿರಬೇಕು ಎಂದು ಲೆಕ್ಕ ಹಾಕಿ, ಊರಿಗೆ ಹೊರಟವರ ಕೈಯಲ್ಲಿ ಇನ್ನೊಂದು ಪೊಟ್ಟಣ ಕೊಟ್ಟು ಕಳಿಸುತ್ತೀರಿ. ಇದರ ಹಿಂದೆ ಇರುವದು ಪ್ರೀತಿಯೇ, ಅದರಲ್ಲಿ ಸಂಶಯವಿಲ್ಲ. ಆದರೆ ಉಳಿದಿವೆಯೇ ಎಂದು ಕೇಳದೆ ಕಳಿಸಿದ ಪೊಟ್ಟಣವು ಚೀಲವನ್ನು ದಪ್ಪ ಮಾಡುತ್ತದೆ, ಅಷ್ಟೆ.

ಅಂಗಡಿಯವರ ಪಾಲೂ ಸ್ವಲ್ಪ ಉಂಟು. ಐದು ಗುಳಿಗೆ ಬರೆದಿದ್ದರೂ "ಪೂರಾ ಸ್ಟ್ರಿಪ್ಪೇ ತಗೋಬೇಕ್ರಿ" ಎನ್ನುವವರು ಇದ್ದಾರೆ. 2023ರಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ಔಷಧ ತಯಾರಕರೊಡನೆ ಈ ಮಾತು ಎತ್ತಿ, ಒಂದೊಂದೇ ಗುಳಿಗೆಯನ್ನು ಹರಿದು ಕೊಡುವಂತೆ ಸ್ಟ್ರಿಪ್ಪಿನಲ್ಲಿ ತೂತಿನ ಗೆರೆ ಇರಲಿ, ಪ್ರತಿ ತುಣುಕಿನ ಮೇಲೂ ಅವಧಿಯ ದಿನಾಂಕ ಇರಲಿ ಎಂಬ ವಿಚಾರವನ್ನು ಮುಂದಿಟ್ಟಿತ್ತು. ಅದು ಎಲ್ಲ ಔಷಧಗಳಿಗೆ ಬರುವತನಕ ನಾವು ಮನೆಯಲ್ಲಿ ಮಾಡಬಹುದಾದದ್ದು ಒಂದಿದೆ: ಹೆಸರು, ದಿನಾಂಕ ಅಚ್ಚಾದ ತುದಿಯನ್ನು ಕೊನೆಗೆ ಉಳಿಸಿ, ಆಚೆಯ ತುದಿಯಿಂದ ಗುಳಿಗೆ ತೆಗೆಯುತ್ತ ಬರುವದು. ಇದಕ್ಕೆ ಕಾಸಿನ ಖರ್ಚಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ರೋಗಿಯು ಗುಳಿಗೆಯನ್ನು ಬಿಟ್ಟಿರುತ್ತಾನೆ, ಬಿಟ್ಟದ್ದನ್ನು ಹೇಳಿರುವದಿಲ್ಲ. ರಕ್ತದ ಒತ್ತಡ, ಸಕ್ಕರೆ ಕಾಯಿಲೆಗಳಂಥ ಬಹುಕಾಲದ ರೋಗಗಳಲ್ಲಿ, ಮುಂದುವರಿದ ದೇಶಗಳಲ್ಲಿ ಕೂಡ ಅರ್ಧದಷ್ಟು ಜನರು ಮಾತ್ರ ಔಷಧವನ್ನು ಹೇಳಿದಂತೆ ತೆಗೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2003ರ ತನ್ನ ವರದಿಯಲ್ಲಿ ಬರೆಯಿತು. ಹೀಗಿರುವಾಗ ನಮ್ಮ ಮುದುಕರನ್ನಷ್ಟೇ ದೂರಿ ಫಲವಿಲ್ಲ. ಅವರು ಬಿಡುವದಕ್ಕೂ ಕಾರಣಗಳಿರುತ್ತವೆ. ಒತ್ತಡಕ್ಕೆ ಕೊಡುವ ಅಮ್ಲೊಡಿಪಿನ್ ಎಂಬ ಗುಳಿಗೆಯಿಂದ ಕೆಲವರ ಪಾದ ಬಾಯುತ್ತವೆ. ರಾಮಿಪ್ರಿಲ್, ಎನಲಾಪ್ರಿಲ್ ಎಂಬವುಗಳಿಂದ ಕೆಲವರಿಗೆ ಒಣಕೆಮ್ಮು ಹತ್ತಿ ರಾತ್ರಿಯ ನಿದ್ದೆ ಹಾಳಾಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮೊದಮೊದಲು ಹೊಟ್ಟೆ ಕೆಡಿಸುವದುಂಟು. "ಈ ಗುಳಿಗಿ ಭಾಳ ಉಷ್ಣ" ಎಂದು ನಮ್ಮ ಜನ ಹೇಳುವದು ಇಂಥ ಏನೋ ಒಂದನ್ನು ಅನುಭವಿಸಿಯೇ. ಈ ಮಾತನ್ನು ಡಾಕ್ಟರರ ಮುಂದೆ ಆಡಿದರೆ ಅವರು ಬೇರೆ ಗುಳಿಗೆ ಕೊಟ್ಟಾರು, ಇಲ್ಲವೆ ಪ್ರಮಾಣ ಇಳಿಸಿಯಾರು. ಆದರೆ ಆಡುವದು ಕಟ್ಟೆಯ ಮೇಲೆ, ಮಗ್ಗುಲ ಮನೆಯವರ ಮುಂದೆ.

ಇದರಿಂದ ರೊಕ್ಕ ಮಾತ್ರ ಹಾಳಾಗುತ್ತದೆಂದು ತಿಳಿಯಬೇಡಿರಿ. ಚಚಡಿಯಂಥ ಊರಿನಲ್ಲಿ ಒಬ್ಬ ಅಜ್ಜಿ ಇದ್ದಾಳೆಂದು ಊಹಿಸಿಕೊಳ್ಳಿರಿ. ಒತ್ತಡಕ್ಕೆ ದಿನಕ್ಕೊಂದು ಗುಳಿಗೆ ಕೊಟ್ಟಿದ್ದಾರೆ. ಆಕೆ ತಲೆ ಭಾರವಾದ ದಿನ ಮಾತ್ರ ನುಂಗುತ್ತಾಳೆ. ತಿಂಗಳಿಗೊಮ್ಮೆ ದವಾಖಾನೆಗೆ ಹೋಗುತ್ತಾಳೆ.

"ಗುಳಿಗಿ ತಗೋತೀ ಏನಬೇ?"

"ತಗೋತೇನ್ರೀ ಸಾಹೇಬ್ರ."

ಹೊರಗೆ ನಲವತ್ತು ಜನ ಕಾಯುತ್ತಿದ್ದಾರೆ. ಮಾತು ಅಲ್ಲಿಗೇ ಮುಗಿಯಿತು. ಪಟ್ಟಿ ಕಟ್ಟಿ ನೋಡಿದರೆ ಒತ್ತಡ ಇಳಿದಿಲ್ಲ. ಗುಳಿಗೆ ಸಾಲದೆಂದು ಪ್ರಮಾಣ ಏರುತ್ತದೆ. ಮುಂದಿನ ತಿಂಗಳು ಅದರ ಜೊತೆಗೆ ಇನ್ನೊಂದು ಸೇರುತ್ತದೆ. ಮೂರನೆಯ ತಿಂಗಳು ಪಟ್ಟಣದಿಂದ ಸೊಸೆ ಬರುತ್ತಾಳೆ. ಓದಿದ ಹೆಣ್ಣುಮಗಳು, ಕಾಳಜಿಯವಳು. ಚೀಟಿ ಓದಿ, ಹೊತ್ತಿಗೆ ಸರಿಯಾಗಿ ಎಲ್ಲವನ್ನೂ ತಾನೇ ಎಣಿಸಿ ಕೊಡುತ್ತಾಳೆ. ಈ ವರೆಗೆ ಚೀಟಿಯಲ್ಲಿ ಮಾತ್ರ ಏರುತ್ತಿದ್ದ ಪ್ರಮಾಣ ಒಮ್ಮೆಲೇ ಮೈಗೆ ಹೋಗುತ್ತದೆ. ನಾಲ್ಕು ದಿನಗಳಲ್ಲಿ ಒತ್ತಡ ತೀರ ಕುಸಿದು, ನಸುಕಿನಲ್ಲಿ ಹಾಸಿಗೆ ಬಿಟ್ಟೆದ್ದ ಅಜ್ಜಿ ಕಣ್ಣು ಕತ್ತಲೆಗಟ್ಟಿ ಹೊಸ್ತಿಲ ಮೇಲೆ ಬೀಳುತ್ತಾಳೆ. ಆ ವಯಸ್ಸಿನಲ್ಲಿ ತೊಡೆಯ ಎಲುಬು ಮುರಿದರೆ ಮುಂದಿನದನ್ನು ನಾನು ಬಣ್ಣಿಸಬೇಕಾಗಿಲ್ಲ. ಇಲ್ಲಿ ಡಾಕ್ಟರರು ಬರೆದದ್ದು ತಪ್ಪಲ್ಲ, ಸೊಸೆ ಕೊಟ್ಟದ್ದೂ ತಪ್ಪಲ್ಲ. ಗೂಟಕ್ಕೆ ತೂಗುತ್ತಿದ್ದ ಚೀಲವನ್ನು ಇಬ್ಬರೂ ನೋಡಿರಲಿಲ್ಲ.

ಆದ್ದರಿಂದ, ಗುಳಿಗೆ ತೆಗೆದುಕೊಳ್ಳುತ್ತೀಯಾ ಎಂಬ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಅದಕ್ಕೆ "ಹೂಂ" ಎನ್ನದವರು ಯಾರು? "ಹೋದ ವಾರದಾಗ ಎಷ್ಟು ದಿನ ತಪ್ಪಿತು?" ಎಂದು ಕೇಳಬೇಕು. ತಪ್ಪುವದು ಸಹಜವೆಂದು ಕೇಳುವವರ ದನಿಯಲ್ಲಿಯೇ ಇದ್ದರೆ ಉತ್ತರ ನಿಜವಾಗಿ ಬರುತ್ತದೆ. "ಮನ್ಯಾಗ ಇನ್ನೂ ಎಷ್ಟು ಉಳದಾವು?" ಎಂಬದು ಎರಡನೆಯ ಪ್ರಶ್ನೆ. ವೈದ್ಯರು ಕೇಳದಿದ್ದರೆ ನೀವೇ ಹೇಳಿರಿ. ಉಳಿದಷ್ಟನ್ನು ಬಿಟ್ಟು ಬರೆಯಿರಿ ಎಂದರೆ ಯಾವ ವೈದ್ಯರೂ ಬೇಡವೆನ್ನಲಾರರು. ಎಲ್ಲಕ್ಕಿಂತ ಒಳ್ಳೆಯದೆಂದರೆ ಚೀಲವನ್ನೇ ಒಯ್ಯುವದು. ಅಮೇರಿಕೆಯಲ್ಲಿ ಇದಕ್ಕೆ 'ಕಂದು ಚೀಲದ ತಪಾಸಣೆ' ಎಂಬ ಹೆಸರೇ ಬಂದಿದೆ: ಮನೆಯಲ್ಲಿದ್ದ ಔಷಧವನ್ನೆಲ್ಲ ಕಾಗದದ ಚೀಲದಲ್ಲಿ ತುಂಬಿಕೊಂಡು ಬಂದು ವೈದ್ಯರ ಮೇಜಿನ ಮೇಲೆ ಹರವುವದು. ನಮ್ಮ ಚೀಲದ ಬಣ್ಣ ಯಾವದೇ ಇರಲಿ. ನಾಟಿ ಔಷಧ, ಕಾಡೆಯ ಪುಡಿ, ಸಂತೆಯಲ್ಲಿ ಕೊಂಡ ಮಂಡಿನೋವಿನ ಎಣ್ಣೆ ಇವೂ ಅದರಲ್ಲಿರಲಿ, ನಾಚಿಕೆ ಬೇಡ.

ಹಾಗೆ ಹರವಿದಾಗ ಮೊದಲು ಕಣ್ಣಿಗೆ ಬೀಳುವದು ಹೆಸರುಗಳ ಗೊಂದಲ. ಗ್ಲೈಕೊಮೆಟ್, ಒಕಾಮೆಟ್, ಗ್ಲೈಸಿಫೇಜ್ ಎಂಬ ಮೂರು ಡಬ್ಬಿಗಳಿದ್ದರೆ ಮೂರು ಔಷಧಗಳಿವೆಯೆಂದು ಯಾರಿಗಾದರೂ ಅನಿಸುತ್ತದೆ. ಮೂರರಲ್ಲಿಯೂ ಇರುವದು ಮೆಟ್‌ಫಾರ್ಮಿನ್ ಒಂದೇ. ಡೋಲೊ, ಕ್ರೋಸಿನ್, ಕ್ಯಾಲ್ಪಾಲ್ ಇವು ಮೂರೂ ಪ್ಯಾರಸಿಟಮಾಲ್. ಜ್ವರಕ್ಕೊಂದು, ಮೈನೋವಿಗೊಂದು, ತಲೆನೋವಿಗೊಂದು ಎಂದು ನುಂಗುತ್ತ ಹೋದರೆ ದಿನದ ಲೆಕ್ಕ ನಾಲ್ಕು ಗ್ರಾಮು ದಾಟಿ ಯಕೃತ್ತಿಗೆ ಪೆಟ್ಟು ಬೀಳಬಹುದು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ಗಳು ಹೀಗೆ ಎರಡು ಹೆಸರಿನಲ್ಲಿ ಇಮ್ಮಡಿಯಾದರೆ ಇನ್ನೂ ಕಠಿಣ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ಮುಂದೆ ಎಚ್ಚರ ತಪ್ಪುತ್ತದೆ. ಎಚ್ಚರವಿದ್ದರೆ ಕೂಡಲೇ ಸಕ್ಕರೆಯ ನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ದವಾಖಾನೆಗೆ ಒಯ್ಯಬೇಕು. ಕುಡಿಸಿದ ಮೇಲೆ ಚೇತರಿಸಿಕೊಂಡರೂ ಈ ಗುಳಿಗೆಗಳ ಪ್ರಭಾವ ಬಹಳ ಹೊತ್ತು ಇರುವದರಿಂದ, ಅಂದು ವೈದ್ಯರಿಗೆ ತೋರಿಸದೆ ಇರಬಾರದು. ಶ್ರಾವಣ ಸೋಮವಾರ, ಏಕಾದಶಿ ಎಂದು ಉಪವಾಸ ಮಾಡುವ ಹಿರಿಯರು ಉಪವಾಸದ ದಿನ ಈ ಗುಳಿಗೆಯನ್ನು ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳುವದು ಅವಶ್ಯ.

ಹೊರದೇಶದ ಒಂದು ಲೆಕ್ಕವನ್ನು ಇಲ್ಲಿ ಹೇಳಬಹುದು. ಇಂಗ್ಲಂಡಿನಲ್ಲಿ ಔಷಧಗಳ ವೆಚ್ಚವನ್ನು ಬಹುಮಟ್ಟಿಗೆ ಸರಕಾರವೇ ಹೊರುತ್ತದೆ. ಆದುದರಿಂದ ಎಷ್ಟು ಹಾಳಾಗುತ್ತದೆಂದು ಅವರು ಎಣಿಸಿ ನೋಡಿದರು. ಯಾರ್ಕ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಪಂಡಿತರು 2010ರಲ್ಲಿ ಹೊರತಂದ ವರದಿಯ ಪ್ರಕಾರ ವರ್ಷಕ್ಕೆ ಸುಮಾರು 30 ಕೋಟಿ ಪೌಂಡಿನ ಔಷಧ ಬಳಕೆಯಾಗದೆ ಹೋಗುತ್ತಿತ್ತು. ಆ ವರದಿಯಲ್ಲಿ ನನಗೆ ಹಿಡಿಸಿದ ಮಾತು ಇನ್ನೊಂದು: ಅದರಲ್ಲಿ ತಡೆಯಬಹುದಾದದ್ದು ಹೆಚ್ಚೆಂದರೆ ಅರ್ಧದಷ್ಟು ಎಂದು ಅವರು ಒಪ್ಪಿಕೊಂಡರು. ರೋಗ ಬೇಗ ವಾಸಿಯಾಗಬಹುದು, ಔಷಧ ಮೈಗೆ ಒಗ್ಗದೆ ಹೋಗಬಹುದು, ರೋಗಿ ತೀರಿಕೊಳ್ಳಲೂಬಹುದು. ಅಂಥಲ್ಲಿ ಉಳಿದುದಕ್ಕೆ ಯಾರೂ ಹೊಣೆಯಲ್ಲ. ಉಳಿದ ಅರ್ಧಕ್ಕಾಗಿ ಮಾಡಬಹುದಾದ ಒಂದು ಉಪಾಯ ಸರಳವಾಗಿದೆ. ಹೊಸ ಗುಳಿಗೆಯನ್ನು ಮೊದಲ ಸಲ ಹದಿನೈದು ದಿನಕ್ಕಷ್ಟೇ ಕೊಳ್ಳುವದು. ಮೈಗೆ ಒಗ್ಗಿತೆಂದಾದ ಮೇಲೆ ತಿಂಗಳಿಗೆ. ಮೂರು ತಿಂಗಳಿನದನ್ನು ಒಮ್ಮೆಲೇ ಕೊಂಡು ಕಳಿಸುವ ಮಕ್ಕಳು ಇದನ್ನು ನೆನಪಿನಲ್ಲಿಡಬೇಕು.

ಹಾಳಾಗಬಾರದು ಎಂಬದನ್ನು ಕಡಿಮೆ ತಿನ್ನಬೇಕು ಎಂದು ಮಾತ್ರ ಯಾರೂ ತಿಳಿಯಕೂಡದು. ಕ್ಷಯರೋಗದ ಔಷಧ ಸಾಮಾನ್ಯವಾಗಿ ಆರು ತಿಂಗಳು. ಎರಡನೆಯ ತಿಂಗಳಿಗೆ ಕೆಮ್ಮು ನಿಂತು ಮೈ ತುಂಬಿತೆಂದು ಬಿಟ್ಟರೆ, ಮತ್ತೆ ಏಳುವ ರೋಗ ಮೊದಲಿನ ಔಷಧಕ್ಕೆ ಬಗ್ಗದಿರಬಹುದು. ಸೋಂಕಿಗೆ ಕೊಡುವ ಆಂಟಿಬಯೋಟಿಕ್‌ಗಳ ಮಾತೂ ಹೀಗೆಯೇ: ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು, ಉಳಿಸಿ ಮುಂದಿನ ನೆಗಡಿಗೆಂದು ಕಾದಿಡಬಾರದು. ಸ್ಟ್ರಿಪ್ಪಿನ ಮೇಲೆ ನೆಟ್ಟಗೆ ಎಳೆದ ಕೆಂಪು ಗೆರೆ ಇದ್ದರೆ ಅದು ಚೀಟಿಯಿಲ್ಲದೆ ತೆಗೆದುಕೊಳ್ಳಬಾರದ ಔಷಧ. 2016ರಲ್ಲಿ ಭಾರತ ಸರಕಾರವು ಈ ಗೆರೆಯ ಅರ್ಥವನ್ನು ಜನರಿಗೆ ತಿಳಿಸಲೆಂದೇ ಪ್ರಚಾರ ಕೈಕೊಂಡಿತ್ತು.

"ಅವಧಿ ಮುಗದ ಗುಳಿಗಿ ತಗೊಂಡ್ರ ಏನಾಗ್ತದ್ರಿ?" ಎಂದು ಕೇಳುವವರು ಬಹಳ. ಸ್ಟ್ರಿಪ್ಪಿನ ಮೇಲೆ ತಿಂಗಳು ಮತ್ತು ವರ್ಷವಷ್ಟೇ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಎಂದರ್ಥ. ಅಮೇರಿಕೆಯ ಸೈನ್ಯವು ತನ್ನ ಕೋಠಿಗಳಲ್ಲಿಯ ಔಷಧಗಳನ್ನು 1986ರಿಂದ ಪರೀಕ್ಷಿಸುತ್ತ ಬಂದು, ಎಷ್ಟೋ ಔಷಧಗಳು ಅವಧಿಯ ನಂತರವೂ ವರ್ಷಗಟ್ಟಲೆ ಚೆನ್ನಾಗಿರುತ್ತವೆಂದು ಕಂಡುಕೊಂಡದ್ದು ನಿಜ. ಆದರೆ ಅವು ಮುದ್ರೆ ಒಡೆಯದೆ ತಂಪಾದ ಕೋಠಿಯಲ್ಲಿ ಇಟ್ಟವು. ನಮ್ಮ ಚೀಲ ಒಲೆಯ ಮಗ್ಗುಲಿಗೆ ತೂಗುತ್ತದೆ. ಏಪ್ರಿಲ್ ತಿಂಗಳ ಎರೆನಾಡಿನ ಬಿಸಿಲನ್ನು ಉಂಡಿರುತ್ತದೆ. ಕೆಟ್ಟುಹೋದ ಹಳೆಯ ಟೆಟ್ರಾಸೈಕ್ಲಿನ್ ತೆಗೆದುಕೊಂಡವರ ಮೂತ್ರಪಿಂಡಕ್ಕೆ ಧಕ್ಕೆಯಾದದ್ದು 1963ರಷ್ಟು ಹಿಂದೆಯೇ ವೈದ್ಯಪತ್ರಿಕೆಗಳಲ್ಲಿ ವರದಿಯಾಗಿತ್ತು. ಕಣ್ಣಿನ ಹನಿಯನ್ನು ಮುಚ್ಚಳ ತೆಗೆದು ಒಂದು ತಿಂಗಳಾದ ಮೇಲೆ ಬಳಸಬಾರದು. ಮಕ್ಕಳ ಆಂಟಿಬಯೋಟಿಕ್ ಪುಡಿಗೆ ನೀರು ಬೆರೆಸಿದ ಮೇಲೆ ಬಹುಮಟ್ಟಿಗೆ ಒಂದು ವಾರವಷ್ಟೇ. ಬಾಟಲಿಯ ಮೇಲೆ ಬರೆದಿರುತ್ತದೆ, ಓದಿರಿ.

ಇನ್ಸುಲಿನ್ ಬಗೆಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು, ಏಕೆಂದರೆ ತುಟ್ಟಿಯಾದದ್ದು ಮತ್ತು ಬೇಗ ಕೆಡುವದು ಅದೇ. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಬರ್ಫ ಕಟ್ಟುವ ಖಾನೆಯಲ್ಲಿ ಇಟ್ಟರೆ ಕೆಟ್ಟಿತೆಂದೇ ತಿಳಿಯಬೇಕು. ತೆರೆದದ್ದು ಸಾಮಾನ್ಯವಾಗಿ ನಾಲ್ಕು ವಾರ ಬಾಳುತ್ತದೆ. ಫ್ರಿಜ್ಜಿಲ್ಲದ ಮನೆಯಲ್ಲಿ, ದೊಡ್ಡ ಗಡಿಗೆಯೊಳಗೆ ಹಸಿ ಉಸುಕು ಹಾಕಿ, ಅದರಲ್ಲಿ ಸಣ್ಣ ಗಡಿಗೆ ಕೂಡಿಸಿ, ಬಳಸುತ್ತಿರುವ ಬಾಟಲಿಯನ್ನು ಒದ್ದೆಯಾಗದಂತೆ ಅದರಲ್ಲಿ ಇಟ್ಟು ಮೇಲೆ ಒದ್ದೆ ಅರಿವೆ ಮುಚ್ಚುವದು ಬಿಸಿಲುಗಾಲಕ್ಕೆ ಒಳ್ಳೆಯ ಉಪಾಯ. ನೀರು ಆರಿದಷ್ಟೂ ಒಳಗೆ ತಂಪು.

ಉಳಿದ ಗುಳಿಗೆಯನ್ನು ಮಗ್ಗುಲ ಮನೆಯವರಿಗೆ ಕೊಡುವದು ನಮ್ಮಲ್ಲಿ ಉಪಕಾರವೆನಿಸಿದೆ. ಎತ್ತು ಕುಂಟಿದರೆ ಮನುಷ್ಯರ ನೋವಿನ ಗುಳಿಗೆಯನ್ನೇ ಅರೆದು ಕುಡಿಸುವವರೂ ಇದ್ದಾರೆ. ಡೈಕ್ಲೊಫಿನ್ಯಾಕ್ ಎಂಬ ನೋವಿನ ಔಷಧ ಕೊಟ್ಟ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆಂದು 2004ರಲ್ಲಿ ತಿಳಿದುಬಂತು. ಅಷ್ಟರಲ್ಲಿ ನಮ್ಮ ದೇಶದ ಹದ್ದುಗಳ ಸಂತತಿ ಬಹುತೇಕ ನಾಶವಾಗಿತ್ತು. ದನಗಳಿಗೆ ಆ ಔಷಧ ಕೊಡುವದನ್ನು ಸರಕಾರ 2006ರಲ್ಲಿ ನಿಲ್ಲಿಸಿತು. ಮನುಷ್ಯರಿಗಾಗಿ ಅದು ಇಂದಿಗೂ ಇದೆ, ಆದ್ದರಿಂದ ಚೀಲದಲ್ಲಿಯೂ ಇರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಬೇಡವಾದದ್ದು ಒಂದಿಷ್ಟು ಉಳಿಯುತ್ತದೆ. ಅದನ್ನು ಬಚ್ಚಲಿಗೆ ಸುರುವಬೇಡಿರಿ. ಬೈಲಹೊಂಗಲ, ಸವದತ್ತಿ ತಾಲೂಕುಗಳ ಎಷ್ಟೋ ಹಳ್ಳಗಳು ಮಲಪ್ರಭೆಯನ್ನು ಸೇರುತ್ತವೆ. ಮಲಪ್ರಭೆ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಹುಬ್ಬಳ್ಳಿ ಧಾರವಾಡದ ನಳಗಳಿಗೆ ಬರುವದು ಆ ನೀರೇ. ಒಲೆಗೂ ಹಾಕಬಾರದು, ಸ್ಟ್ರಿಪ್ಪಿನ ಪ್ಲಾಸ್ಟಿಕ್ ಹೊಗೆ ಕೆಟ್ಟದ್ದು. ಕೇರಳದವರು ಇದಕ್ಕೊಂದು ದಾರಿ ಹಾಕಿಕೊಟ್ಟಿದ್ದಾರೆ. 2025ರ ಫೆಬ್ರವರಿಯಲ್ಲಿ ಅಲ್ಲಿಯ ಔಷಧ ನಿಯಂತ್ರಣ ಇಲಾಖೆಯು ಕೋಳಿಕೋಡ್ ನಗರದಲ್ಲಿ ಮತ್ತು ಉಳ್ಳಿಯೇರಿ ಪಂಚಾಯತಿಯಲ್ಲಿ, ಮನೆಗಳಲ್ಲಿ ಉಳಿದ ಔಷಧವನ್ನು ಕೂಡಿಸಿ ಸರಿಯಾದ ರೀತಿಯಲ್ಲಿ ಸುಡಿಸುವ ಏರ್ಪಾಡು ಆರಂಭಿಸಿತು. ಅದೇ ವರ್ಷ ಕೇಂದ್ರದ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯೂ ಉಳಿದ ಔಷಧಗಳ ವಿಲೇವಾರಿಗೆ ಮಾರ್ಗಸೂಚಿ ಹೊರಡಿಸಿತು. ತೀವ್ರ ನೋವಿಗೆ ಕೊಡುವ ಟ್ರಮಡಾಲ್, ಫೆಂಟನಿಲ್ ಮೊದಲಾದ ಹದಿನೇಳು ಔಷಧಗಳು ಮಕ್ಕಳ ಕೈಗೆ ಸಿಕ್ಕರೆ ಅಪಾಯವೆಂದು, ಅವನ್ನು ಮಾತ್ರ ಬಚ್ಚಲಿಗೆ ಹಾಕಿ ನೀರು ಬಿಡಬಹುದೆಂದು ಅದರಲ್ಲಿ ಹೇಳಿದೆ. ನಿಮ್ಮ ಊರಲ್ಲಿ ಔಷಧ ಮರಳಿ ಪಡೆಯುವ ಏರ್ಪಾಡಿದೆಯೇ ಎಂದು ಮೆಡಿಕಲ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಕೇಳಿರಿ. ಇಲ್ಲದಿದ್ದರೆ ಗುಳಿಗೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಚಹದ ಚರಟದಲ್ಲಿಯೋ ಮಣ್ಣಿನಲ್ಲಿಯೋ ಕಲಸಿ, ಬಾಯಿ ಕಟ್ಟಿದ ಚೀಲದಲ್ಲಿ ಬೇರೆಯಾಗಿಟ್ಟು ಕಸದ ಗಾಡಿಯವರಿಗೆ ಹೇಳಿ ಕೊಡಿರಿ. ಆಯುವವರ ಕೈಗೆ ಪೂರಾ ಸ್ಟ್ರಿಪ್ಪು ಸಿಗಬಾರದು.

ಇನ್ನು ಉಳಿದದ್ದು ಒಂದು ಯಾದಿ. ಚೀಲ ವೈದ್ಯರ ಮುಂದೆ ಬರಿದಾದ ಮೇಲೆ, ತೆಗೆದುಕೊಳ್ಳಬೇಕಾದ ಔಷಧಗಳನ್ನಷ್ಟೇ ಒಂದು ದಪ್ಪ ಕಾಗದದ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಔಷಧದ ಒಳಹೆಸರು ಮೊದಲು, ಕಂಪನಿಯ ಹೆಸರು ಅದರ ಕೆಳಗೆ. ಯಾತಕ್ಕೆ, ಎಷ್ಟು, ಊಟದ ಮುಂಚೆಯೋ ನಂತರವೋ. ಯಾವ ಔಷಧ ಮೈಗೆ ಒಗ್ಗಲಿಲ್ಲ ಎಂಬದು ಕೊನೆಗೆ ಕೆಂಪು ಶಾಯಿಯಲ್ಲಿ. ಪಟ್ಟಣದ ಡಾಕ್ಟರರು, ಊರಿನ ಡಾಕ್ಟರರು, ಮನೆಗೆ ಬರುವ ಆಶಾ ಕಾರ್ಯಕರ್ತೆ ಎಲ್ಲರೂ ಇದೇ ಯಾದಿಯನ್ನು ನೋಡಲಿ, ಬದಲಾದದ್ದನ್ನು ಇದರಲ್ಲಿಯೇ ತಿದ್ದಲಿ. ಒಂದು ಪ್ರತಿ ನಿಮ್ಮ ಹತ್ತಿರ, ಇನ್ನೊಂದು ಊರಿನ ಅಡಿಗೆಮನೆಯಲ್ಲಿ ಕ್ಯಾಲೆಂಡರು ತೂಗುವ ಮೊಳೆಗೆ. ವಾರಕ್ಕೊಮ್ಮೆ ಫೋನು ಮಾಡಿದಾಗ "ಔಷಧಿ ಕಳಸ್ಲೇನವ್ವಾ?" ಎನ್ನುವದಕ್ಕೆ ಮುಂಚೆ, ಆ ಯಾದಿ ನೋಡಿ ಒಂದೊಂದಾಗಿ ಎಷ್ಟೆಷ್ಟು ಉಳಿದಿವೆಯೆಂದು ಎಣಿಸಿ ಹೇಳಲು ತಾಯಿಯವರಿಗೆ ಹೇಳಿರಿ. ಎಣಿಸುವಷ್ಟು ಹೊತ್ತು ಫೋನು ಹಿಡಿದುಕೊಂಡು ನಿಲ್ಲಿರಿ.